ಗೀರು ಬಿದ್ದ ಲೋಹಕ್ಕೆ ಎಪಾಕ್ಸಿ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

(ಮಲ್ಲಾಪುರದಲ್ಲಿ ಪಂಪ್‌ಸೆಟ್ ದುರಸ್ತಿ ಕುರಿತು ಆಡಿದ ಮಾತುಗಳ ಲಿಖಿತ ರೂಪ)



ಕಾಳಿ ದಂಡೆಯ ತೋಟಗಳಲ್ಲಿ ನೆರೆ ಇಳಿದ ಮೇಲೆ ಉಳಿಯುವುದು ಹೂಳು. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳದಂಡೆಯ ಊರುಗಳು ಏನನ್ನು ಕಂಡವೆಂಬುದು ನಿಮಗೆ ಗೊತ್ತಿದೆ. ನೀರಿನಲ್ಲಿ ಮುಳುಗಿದ ಎಂಜಿನ್ನನ್ನು ಬಿಚ್ಚಿ ತೊಳೆಯದೆ ತಿರುಗಿಸಿದರೆ ಮರಳಿನ ಕಣಗಳು ಒಳಗೆ ಅರೆಯುತ್ತವೆ, ಲೋಹದ ಮೈಮೇಲೆ ಗೀರು ಬೀಳುತ್ತದೆ. ಆ ಗೀರಿಗೆ ಎಪಾಕ್ಸಿ ಮೆತ್ತಬಹುದೇ, ಭಾಗವನ್ನೇ ಗುಜರಿಗೆ ಹಾಕಬೇಕೇ ಎಂಬುದು ಇಂದಿನ ವಿಚಾರ.

ಪರಿಸರದ ವೇದಿಕೆಯಲ್ಲಿ ಎಂಜಿನ್ನಿನ ಮಾತೇಕೆ ಎಂದು ಕೆಲವರು ಕೇಳಿದ್ದಾರೆ. ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಆ ವಿದ್ಯುತ್ತಿಗೆ ಕಾಡು ಕೊಡುವ ಬೆಲೆ ಏನೆಂಬುದನ್ನು, ಸೂಪಾ, ಕೊಡಸಳ್ಳಿ, ಕದ್ರಾಗಳನ್ನು ಕಂಡ, ಕೈಗಾವನ್ನು ನೆರೆಯಲ್ಲಿಟ್ಟುಕೊಂಡ ಈ ಊರಿಗೆ ನಾನು ವಿವರಿಸಬೇಕಿಲ್ಲ. ಇನ್ನೊಂದು ಕಡೆ, ಸೋರುವ ಕವಚದಿಂದ ತೊಟ್ಟಿಕ್ಕುವ ಎಣ್ಣೆ ಮಳೆಗಾಲದಲ್ಲಿ ಹಳ್ಳ ಸೇರಿ ಕಾಳಿಗೇ ಇಳಿಯುತ್ತದೆ.

ಎಪಾಕ್ಸಿ ಎಂದರೆ ಎರಡು ಪದಾರ್ಥಗಳ ಕೂಟ: ರಾಳ ಮತ್ತು ಅದನ್ನು ಗಟ್ಟಿಗೊಳಿಸುವ ದ್ರವ್ಯ. ಲೋಹಕ್ಕೆಂದೇ ಮಾಡಿದ ಬಗೆಯಲ್ಲಿ ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಪುಡಿ ಬೆರೆತಿರುತ್ತದೆ. ನೋಡಲು ಲೋಹದಂತಿದ್ದರೂ ಅದು ಲೋಹವಲ್ಲ. ಬಿಸಿಗೆ ಲೋಹಕ್ಕಿಂತ ಹೆಚ್ಚು ಹಿಗ್ಗುತ್ತದೆ. ಸಾಮಾನ್ಯ ಬಗೆಗಳು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬಲ ಕಳೆದುಕೊಳ್ಳತೊಡಗುತ್ತವೆ.

ಆದುದರಿಂದ ಸಿಲಿಂಡರಿನ ಒಳಗೋಡೆಗೆ ಇದನ್ನು ಮೆತ್ತುವುದು ಸಲ್ಲದು. ಅಲ್ಲಿ ಬೆಂಕಿಯೂ ಉಂಟು, ಪಿಸ್ಟನ್ ರಿಂಗಿನ ಉಜ್ಜಾಟವೂ ಉಂಟು. ಮೆತ್ತಿದ್ದು ಕಿತ್ತು ಬಂದರೆ ಇದ್ದ ಗೀರು ನಾಲ್ಕಾಗುತ್ತದೆ. ಅದಕ್ಕೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸುವುದು ಅಥವಾ ಲೈನರ್ ಬದಲಿಸುವುದೇ ದಾರಿ. ಕ್ರ್ಯಾಂಕ್‌ಶಾಫ್ಟಿಗೂ ಇದೇ ಮಾತು: ಲೇತಿನವರ ಬಳಿ ಅರೆಸಿ, ತಕ್ಕ ಬೇರಿಂಗ್ ಹಾಕಿಸಬೇಕು. ಹಣ ಉಳಿಯಿತೆಂದು ಇಲ್ಲಿ ಅಂಟು ಮೆತ್ತುವ ಮೆಕ್ಯಾನಿಕ್ಕನನ್ನು ನಾನು ಮೆಚ್ಚಲಾರೆ.

ಸಲ್ಲುವ ಜಾಗಗಳು ಬೇರೆ ಇವೆ. ಪಂಪಿನ ಕವಚದ ಒಳಮೈಯಲ್ಲಿ ಮರಳು ಕೊರೆದ ಕುಳಿ, ಗ್ಯಾಸ್ಕೆಟ್ ಕೂರುವ ಮುಖದಲ್ಲಿ ಚಾಣದಿಂದ ಎಬ್ಬಿಸುವಾಗ ಬಿದ್ದ ಗೀರು, ಅಷ್ಟಾಗಿ ಬಿಸಿಯಾಗದ ಮುಚ್ಚಳಗಳು. ಉಗುರಾಡಿಸಿ ನೋಡಿ, ಉಗುರು ಸಿಕ್ಕಿಕೊಂಡರೆ ಅಲ್ಲಿ ಎಣ್ಣೆ ಸೋರುತ್ತದೆಂದೇ ತಿಳಿಯಿರಿ.

ಕೆಲಸ ಕೆಡುವುದು ಬಹುತೇಕ ಅವಸರದಿಂದ. ಕಬ್ಬಿಣದ ಎರಕ ಎಣ್ಣೆಯನ್ನು ಹೀರಿಕೊಂಡಿರುತ್ತದೆ, ಒಮ್ಮೆ ಒರೆಸಿದರೆ ಸಾಲದು. ಅಸಿಟೋನಿನಿಂದ ತೊಳೆದು, ತುಸು ಬಿಸಿಲಿಗಿಟ್ಟು, ಜಿನುಗಿದ ಎಣ್ಣೆಯನ್ನು ಮತ್ತೆ ತೊಳೆಯಬೇಕು. ಹತ್ತಿರ ಬೀಡಿ, ಒಲೆ ಯಾವುದೂ ಕೂಡದು. ನುಣುಪು ಮೈಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಗೀರಿನ ಅಂಚನ್ನು ಎಮರಿ ಕಾಗದದಿಂದ ಒರಟು ಮಾಡಿ, ಪೊಟ್ಟಣ ಹೇಳಿದ ಪ್ರಮಾಣದಲ್ಲೇ ಎರಡನ್ನೂ ಕಲಸಿ, ಗಾಳಿ ಉಳಿಯದಂತೆ ಒತ್ತಿ ತುಂಬಬೇಕು. ಬೇಗ ಗಟ್ಟಿಯಾಗಲೆಂದು ಎರಡನೆಯದನ್ನು ಹೆಚ್ಚು ಸುರಿದರೆ ಅಂಟು ದುರ್ಬಲವಾಗುತ್ತದೆ. ಒಂದು ದಿನ ಬಿಟ್ಟು, ನೀರು ಹಚ್ಚಿದ ನಯ ಕಾಗದವನ್ನು ಚಪ್ಪಟೆ ಗಾಜಿನ ಮೇಲಿಟ್ಟು ಮುಖವನ್ನು ಸಮ ಮಾಡಿ.

ಎಪಾಕ್ಸಿಯೂ ನಿರ್ದೋಷಿಯಲ್ಲ. ಹಸಿಯಿದ್ದಾಗ ಚರ್ಮಕ್ಕೆ ತಗುಲಿದರೆ ಕೆಲವರಿಗೆ ಜೀವಮಾನದ ಅಲರ್ಜಿ ಅಂಟಿಕೊಳ್ಳುತ್ತದೆ. ಕೈಗವಸು ಬೇಕು, ಉಜ್ಜುವಾಗ ಮೂಗಿಗೆ ಮುಖಗವಸು ಬೇಕು. ಗಟ್ಟಿಯಾದುದನ್ನು ಮತ್ತೆ ಕರಗಿಸಲು ಬಾರದು. ಬೇಕಾದಷ್ಟನ್ನೇ ಕಲಸಿ. ತೊಳೆದ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಡಿ. 2016ರ ನಿಯಮಗಳಂತೆ ಅದು ಅಪಾಯಕಾರಿ ತ್ಯಾಜ್ಯ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿದಾಗ ಕೃಷಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಕೈಪಿಡಿಯನ್ನೂ ಬಿಡಿಭಾಗವನ್ನೂ ತಯಾರಕರಿಂದ ಕೇಳಿ ಪಡೆಯಲು ಸಂಕೋಚಪಡಬೇಡಿ.

ತಂದಿರುವ ಕವಚಗಳನ್ನು ಈಗ ಮೇಜಿನ ಮೇಲಿಡಿ. ಮೊದಲು ಎಣ್ಣೆ ತೊಳೆಯೋಣ.