ಗರ್ಭಕೋಶ ಖಾಲಿಯಾದ ಮೇಲಿನ ಆರು ತಿಂಗಳು



ಈ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆ ನೋಡಿದ ಗೆಳೆಯರೊಬ್ಬರು, ‘ಮೋಲಾರ್ ಗರ್ಭದ ಬಗ್ಗೆ ದಿನವಿಡೀ ಮಾತಾಡುವುದೇನಿದೆ? ಸ್ಕ್ಯಾನ್ ಮಾಡಿ, ಸಕ್ಷನ್ ಮಾಡಿದರೆ ಮುಗಿಯಿತಲ್ಲ’ ಎಂದರು. ಆ ‘ಮುಗಿಯಿತಲ್ಲ’ದ ಮೇಲೆಯೇ ನನ್ನ ತಕರಾರು.

ದಿನಕ್ಕೆ ಮೀರಿ ಬೆಳೆದ ಗರ್ಭಕೋಶ, ನಿಲ್ಲದ ವಾಂತಿ, ಇಪ್ಪತ್ತು ವಾರದೊಳಗೇ ಏರಿದ ಬಿಪಿ: ನಾವು ಓದಿದ ಈ ಚಿತ್ರ ಈಗ ಅಪರೂಪ. ಎಂಟು ಹತ್ತು ವಾರಕ್ಕೇ ಸ್ಕ್ಯಾನ್ ಆಗುವುದರಿಂದ ಲಕ್ಷಣಗಳು ಕಾಣುವ ಮೊದಲೇ ಗರ್ಭ ತೆಗೆದಾಗಿರುತ್ತದೆ. ‘ಮಿಸ್ಡ್ ಅಬಾರ್ಷನ್’ ಎಂದು ಬರೆದು, ತೆಗೆದದ್ದನ್ನು ಬಕೆಟ್ಟಿಗೆ ಹಾಕಿದರೆ ರೋಗನಿರ್ಣಯವೂ ಅದರ ಜೊತೆಗೇ ಹೋಯಿತು. ಪಾರ್ಷಿಯಲ್ ಮೋಲ್ ಅಂತೂ ಸ್ಕ್ಯಾನಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಅಲ್ಲಿ ಪೆಥಾಲಜಿಸ್ಟರೇ ಗತಿ. ಕಂಪ್ಲೀಟೋ ಪಾರ್ಷಿಯಲ್ಲೋ ಎಂಬ ಗೊಂದಲವಿದ್ದರೆ ಪಿ57 ಸ್ಟೇನ್ ನೆರವಿಗೆ ಬರುತ್ತದೆ. ಕಿರಿಯರಿಗೆ ಇನ್ನೊಂದು ಮಾತು: ಎಚ್‌ಸಿಜಿ ವಿಪರೀತ ಏರಿದಾಗ ಮೂತ್ರದ ಕಾರ್ಡ್ ಟೆಸ್ಟ್ ನೆಗೆಟಿವ್ ತೋರಿಸಬಹುದು. ಮಾದರಿಯನ್ನು ತೆಳುಮಾಡಿ ಮತ್ತೆ ಹಾಕಿ ನೋಡಿ, ಗೆರೆ ಮೂಡುತ್ತದೆ.

ಮೋಲ್ ತೆಗೆದ ಮೇಲೂ ಉಳಿಯುವ ಭಯ ಕ್ಯಾನ್ಸರಿನದು. 1956ರಲ್ಲಿ ಅಮೆರಿಕದಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಜ್ ಅಂಥ ಕ್ಯಾನ್ಸರಾದ ಕೊರಿಯೋಕಾರ್ಸಿನೋಮಾ ಮೆಥೋಟ್ರೆಕ್ಸೇಟಿನಿಂದ ಕರಗುವುದನ್ನು ವರದಿ ಮಾಡಿದರು. ಆ ಔಷಧ ರೂಪುಗೊಂಡದ್ದು ಲೆಡರ್ಲೆ ಔಷಧ ಕಂಪನಿಯಲ್ಲಿ, ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೈಯಲ್ಲಿ. ಗಡ್ಡೆ ಕಾಣದಾದರೂ ಎಚ್‌ಸಿಜಿ ಇಳಿಯುವವರೆಗೆ ಔಷಧ ನಿಲ್ಲಿಸಬಾರದೆಂದು ಲೀ ಹಟ ಹಿಡಿದರು, ಕೆಲಸವನ್ನೂ ಕಳೆದುಕೊಂಡರು. ಕೊನೆಗೆ ಅವರದೇ ಸರಿ ಎಂದಾಯಿತು. ಈ ರೋಗದಲ್ಲಿ ನಂಬಬೇಕಾದದ್ದು ಕಣ್ಣನ್ನಲ್ಲ, ಆ ಅಂಕಿಯನ್ನು.

ಕಂಪ್ಲೀಟ್ ಮೋಲ್ ಆದವರಲ್ಲಿ ಶೇ. 15ರಿಂದ 20ರಷ್ಟು ಮಂದಿಗೆ ಮುಂದೆ ಕೀಮೋಥೆರಪಿ ಬೇಕಾಗುತ್ತದೆ. ಫಿಗೋ ಅಂಕ 6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಹೆಚ್ಚಿನವರಿಗೆ ಮೆಥೋಟ್ರೆಕ್ಸೇಟ್ ಒಂದೇ ಸಾಕು. ಅದು ಸಾಲದವರಿಗೂ ಮುಂದಿನ ಔಷಧಗಳಿವೆ, ಈ ಗುಂಪಿನಲ್ಲಿ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಆದರೆ ಅವರು ನಮ್ಮ ಕೈಗೆ ಸಿಗಬೇಕಲ್ಲ!

ಸಿಗುವುದಿಲ್ಲ ಏಕೆಂದರೆ, ಗರ್ಭ ನಿಲ್ಲಲಿಲ್ಲ ಎಂದಾದ ಕೂಡಲೇ ತಾಯಿ ಕಾರ್ಡ್ ಪೆಟ್ಟಿಗೆ ಸೇರುತ್ತದೆ. ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ರಕ್ತಸ್ರಾವ ನಿಂತಿದೆ, ಮೈ ಹಗುರಾಗಿದೆ. ಎಚ್‌ಸಿಜಿ ಪರೀಕ್ಷೆಗೆ ವಾರವಾರ ರಕ್ತ ಕೊಡಲು ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಯಾಕೆ ಬರಬೇಕೆಂದು ಅವಳಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಮೇಲೆ ಅತ್ತೆಯ ಪ್ರಶ್ನೆ: ಇನ್ನೊಂದು ಯಾವಾಗ? ಇವಳಲ್ಲೇ ಏನೋ ದೋಷವೆಂಬ ಮಾತೂ ಹುಟ್ಟುತ್ತದೆ. ಕಂಪ್ಲೀಟ್ ಮೋಲಿನಲ್ಲಿ ಸಾಮಾನ್ಯವಾಗಿ ವರ್ಣತಂತುಗಳೆಲ್ಲ ತಂದೆಯ ಕಡೆಯವು ಎಂಬುದು 1977ರಿಂದಲೇ ಗೊತ್ತಿದೆ. ಹಾಗೆಂದು ಗಂಡನನ್ನು ದೂರಬೇಕಿಲ್ಲ, ಇದು ಯಾರ ತಪ್ಪೂ ಅಲ್ಲ. ಮತ್ತೆ ಮೋಲ್ ಆಗುವ ಸಾಧ್ಯತೆ ನೂರಕ್ಕೆ ಒಂದರಷ್ಟು ಮಾತ್ರ. ಇಷ್ಟನ್ನು ಅತ್ತೆಯನ್ನೂ ಕೂರಿಸಿಕೊಂಡು ಹೇಳಲು ಹತ್ತು ನಿಮಿಷ ಸಾಕು.

ಬ್ರಿಟನ್ನಿನಲ್ಲಿ 1973ರಿಂದ ಇಂಥ ಪ್ರತಿ ಮಹಿಳೆಯ ಹೆಸರು ರಾಷ್ಟ್ರೀಯ ಕೇಂದ್ರದಲ್ಲಿ ದಾಖಲಾಗುತ್ತದೆ. ಮಾದರಿಗಳು ಅಂಚೆಯಲ್ಲಿ ಬರುತ್ತವೆ, ರೋಗಿ ಅಲೆಯಬೇಕಿಲ್ಲ. ನಾವು ಸರ್ಕಾರದ ಆದೇಶಕ್ಕೆ ಕಾಯುವುದು ಬೇಡ. ನಿಮ್ಮ ಆಸ್ಪತ್ರೆಯಲ್ಲಿ ಸೋಮವಾರವೇ ಒಂದು ರಿಜಿಸ್ಟರ್ ತೆರೆಯಿರಿ: ಹೆಸರು, ಎರಡು ಫೋನ್ ನಂಬರು, ಆಶಾ ಕಾರ್ಯಕರ್ತೆಯ ಹೆಸರು, ವಾರವಾರದ ಎಚ್‌ಸಿಜಿ. ಅಂಕಿ ಇಳಿಯುವುದು ನಿಂತರೆ ಆ ದಿನವೇ ಫೋನ್ ಮಾಡಿ.