ಐದು ವರ್ಷದ ಅಳತೆಗೋಲು



ಬಾಯಿಯ ಅರ್ಬುದ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಎಲೆಅಡಿಕೆಯ ತಟ್ಟೆ, ಅದರ ಮೂಲೆಯಲ್ಲಿನ ಹೊಗೆಸೊಪ್ಪು. ಅದು ತಪ್ಪಲ್ಲ, ನಮ್ಮ ನಾಡಿನ ಬಾಯಿಯ ಅರ್ಬುದಗಳಲ್ಲಿ ಬಹುಪಾಲು ಅವುಗಳ ಕೊಡುಗೆಯೇ. ಆದರೆ ಅದೇ ಬಾಯಿಯಲ್ಲಿ ಬೇರೊಂದು ಮೂಲದಿಂದ ಹುಟ್ಟುವ ಅಪರೂಪದ ಅರ್ಬುದವೊಂದುಂಟು. ಅದನ್ನು ಕುರಿತು ಈ ಹೊತ್ತು ನಾನು ಮಾತನಾಡುವುದಕ್ಕೆ ಕಾರಣ, ಶಸ್ತ್ರವೈದ್ಯನಾಗಿ ನಾನು ಮಾಡಿದ ಒಂದು ತಪ್ಪು.

1988ರಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ನನ್ನಲ್ಲಿಗೆ ಬಂದರು. ಅಂಗುಳಿನಲ್ಲಿ ನೆಲ್ಲಿಕಾಯಿಯಷ್ಟು ಗಂಟು. ಹುಣ್ಣಿಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ಆ ಪಕ್ಕ ಮಾತ್ರ ಜೋಮು ಹಿಡಿದಂತೆ. ‘ಎಲೆಅಡಿಕೆ ಬಿಡಿ ಎಂದು ಹೇಳುತ್ತಲೇ ಬಂದೆ’ ಎಂದು ಅವರ ಪತ್ನಿ ಕಣ್ಣೊರೆಸಿಕೊಂಡರು. ಗಂಟಿನ ಚೂರನ್ನು ಪರೀಕ್ಷಿಸಿದಾಗ ಅದು ಜೊಲ್ಲುಗ್ರಂಥಿಯ ಅರ್ಬುದವೆಂದು ತಿಳಿಯಿತು. ‘ಇದರಲ್ಲಿ ಎಲೆಅಡಿಕೆಯ ಪಾಪವಿಲ್ಲ, ತಾಯಿ’ ಎಂದೆ. ಆ ಮಾತಾದರೂ ನಿಜವಾಗಿತ್ತು.

ಜೊಲ್ಲು ಸುರಿಸುವ ದೊಡ್ಡ ಗ್ರಂಥಿಗಳು ನಮಗೆ 3 ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ. ಇವಲ್ಲದೆ ತುಟಿ, ಕೆನ್ನೆ, ಅಂಗುಳುಗಳ ಒಳಪೊರೆಯಲ್ಲಿ ನೂರಾರು ಕಿರುಗ್ರಂಥಿಗಳಿವೆ. ಕಿವಿಯ ಮುಂದಿನ ಗ್ರಂಥಿಯಲ್ಲಿ ಏಳುವ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ನಿರಪಾಯದವು. ಕಿರುಗ್ರಂಥಿಗಳಲ್ಲಾದರೋ ಹೆಚ್ಚುಕಡಮೆ ಅರ್ಧದಷ್ಟು ಅರ್ಬುದಗಳೇ. ಗ್ರಂಥಿ ಕಿರಿದಾದಷ್ಟೂ ಶಂಕೆ ಹಿರಿದು.

ಮೇಷ್ಟ್ರಿಗೆ ಇದ್ದದ್ದು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ. 1850ರ ದಶಕದಲ್ಲಿ ಬಿಲ್‌ರೋತ್ ಎಂಬ ಶಸ್ತ್ರವೈದ್ಯ ಇದನ್ನು ಸಿಲಿಂಡ್ರೋಮ ಎಂದು ಕರೆದಿದ್ದ. ಇಂಥ ಗಡ್ಡೆಗಳಲ್ಲಿ ಹಲವದರೊಳಗೆ ಎರಡು ಜೀನುಗಳು ತುಂಡಾಗಿ ಒಂದಕ್ಕೊಂದು ಬೆಸೆದುಕೊಂಡಿರುತ್ತವೆಂಬುದು 2009ರಲ್ಲಿ ಬೆಳಕಿಗೆ ಬಂತು.

ಶಸ್ತ್ರಚಿಕಿತ್ಸೆಯಾಯಿತು, ವಿಕಿರಣ ಚಿಕಿತ್ಸೆಯಾಯಿತು. ‘ಐದು ವರ್ಷ ಕಳೆಯಲಿ ಮೇಷ್ಟ್ರೆ, ಆಮೇಲೆ ಭಯವಿಲ್ಲ’ ಎಂದು ನಾನು ಹೇಳಿದ್ದೆ. 1993ರಲ್ಲಿ ಅವರು ಸಿಹಿ ತಂದುಕೊಟ್ಟರು. ‘ಇನ್ನು ನೀವು ಬರಬೇಕಾಗಿಲ್ಲ’ ಎಂದು ಬೀಳ್ಕೊಟ್ಟೆ. 1997ರಲ್ಲಿ ಕೆಮ್ಮಿಗೆಂದು ತೆಗೆಸಿದ ಎಕ್ಸ್‌ರೇಯಲ್ಲಿ ಎರಡು ಶ್ವಾಸಕೋಶಗಳಲ್ಲೂ ದುಂಡನೆಯ ನೆರಳುಗಳು ಕಂಡವು.

ನಾನು ಎರವಲು ತಂದ ಅಳತೆಗೋಲಿನಿಂದ ಅಳೆದಿದ್ದೆ. ನಾಲಗೆ, ಕೆನ್ನೆಗಳ ಸಾಮಾನ್ಯ ಅರ್ಬುದ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ 2–3 ವರ್ಷಗಳಲ್ಲೇ ಮರುಕಳಿಸುತ್ತದೆ. ಅಲ್ಲಿ ಐದು ವರ್ಷದ ಗಡುವಿಗೆ ಅರ್ಥವಿದೆ. ಈ ರೋಗದ ನಡಿಗೆ ನಿಧಾನ. ನರಗಳ ಗುಂಟ ತೆವಳುತ್ತದೆ. ಶ್ವಾಸಕೋಶದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇರುತ್ತದೆ. 5 ವರ್ಷಗಳ ಕೊನೆಗೆ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಬದುಕಿರುತ್ತಾರೆ. 15 ವರ್ಷಗಳ ಕೊನೆಗೆ ಆ ಸಂಖ್ಯೆ 40ರ ಆಸುಪಾಸಿಗೆ ಇಳಿಯುತ್ತದೆ.

ಯಾರು ಯಾವ ಗುಂಪಿಗೆ ಸೇರಿಯಾರು? ಗಡ್ಡೆ ಎಷ್ಟು ಬೆಳೆದಿತ್ತು, ಎಲ್ಲಿ ಹುಟ್ಟಿತ್ತು, ಕತ್ತರಿಸಿ ತೆಗೆದ ಅಂಚು ಶುದ್ಧವಾಗಿತ್ತೆ, ದೊಡ್ಡ ನರವೊಂದನ್ನು ಅದು ಹಿಡಿದಿತ್ತೆ ಎಂಬುದನ್ನೆಲ್ಲ ನೋಡಬೇಕು. ಸೂಕ್ಷ್ಮದರ್ಶಕದಡಿ ಜರಡಿಯಂತೆ ತೂತುತೂತಾಗಿ ಕಂಡರೆ ಅಷ್ಟಿಷ್ಟು ಸಮಾಧಾನ. ಸಂದಿಲ್ಲದೆ ಗಟ್ಟಿಯಾಗಿ ಕಿಕ್ಕಿರಿದಿದ್ದರೆ ಆತಂಕ. ಇಷ್ಟೆಲ್ಲ ತೂಗಿನೋಡಿದರೂ ದೊರೆಯುವುದು ಗುಂಪಿನ ಲೆಕ್ಕ. ಎದುರಿಗೆ ಕುಳಿತ ಒಬ್ಬರ ಆಯುಸ್ಸಲ್ಲ.

‘ನನ್ನ ಲೆಕ್ಕ ತಪ್ಪಿತು, ಮೇಷ್ಟ್ರೆ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಲ್ಕು ವರ್ಷ ಹೆದರಿಕೆಯಿಲ್ಲದೆ ಇದ್ದೆನಲ್ಲ, ಅದು ನನಗೆ ದಕ್ಕಿತು. ಮುಂದೆ ಬರುವವರಿಗೆ ಸರಿಯಾದ ಲೆಕ್ಕ ಹೇಳಿ ಡಾಕ್ಟರೆ’ ಎಂದರು. ಆ ನೆರಳುಗಳೂ ನಿಧಾನವಾಗಿಯೇ ಬೆಳೆದವು. ಮೇಷ್ಟ್ರು 2001ರವರೆಗೆ ಇದ್ದರು. ಕೊನೆಯ ವರ್ಷದವರೆಗೂ ನೆರೆಮನೆಯ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟರು.

ಅಂಗುಳಿನಲ್ಲೋ ಕಿವಿಯ ಮುಂದೆಯೋ ನೋವಿಲ್ಲದ ಗಂಟು ಕಂಡರೆ, ಜೋಮು ಹಿಡಿದರೆ, ಮುಖ ಒಂದು ಕಡೆಗೆ ಸೊಟ್ಟಗಾದರೆ, ನೋವಿಲ್ಲವೆಂದು ದಿನ ದೂಡಬೇಡಿ. ಚಿಕಿತ್ಸೆಯಾದವರು ಹತ್ತು ವರ್ಷ ಕಳೆದರೂ ತಪಾಸಣೆಯನ್ನು ನಿಲ್ಲಿಸಬೇಡಿ. 1997ರ ಅನಂತರ ಈ ರೋಗದವರಾರಿಗೂ ‘ಇನ್ನು ಬರಬೇಕಾಗಿಲ್ಲ’ ಎಂದು ನಾನು ಹೇಳಿಲ್ಲ.