ಪರದೇಶದಲ್ಲಿ ನನ್ನ ಮೊದಲ ದಿನಗಳು

(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದುದರಿಂದ ತಮ್ಮೆದುರು ನಿಂತಿದ್ದೇನೆ. ನಾನು ಪಂಡಿತನಲ್ಲ, ಈ ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಪಾವಗಡ ಸೀಮೆಯ ಹುಡುಗನು. 2022ನೆಯ ಇಸವಿಯ ಸೆಪ್ಟೆಂಬರಿನಲ್ಲಿ, ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ವಿದ್ಯೆಯನ್ನು ಕಲಿಯಲೆಂದು ಜರ್ಮನಿಯ ಫ್ರೈಬುರ್ಗ್ ಪಟ್ಟಣಕ್ಕೆ ಹೋದೆನು. ಅಲ್ಲಿಯ ದೊಡ್ಡ ಕಟ್ಟಡಗಳ ವರ್ಣನೆ ಪುಸ್ತಕಗಳಲ್ಲಿ ದೊರೆಯುತ್ತದೆ. ಮೊದಮೊದಲು ಕಣ್ಣಿಗೆ ಬಿದ್ದ ನಿತ್ಯಜೀವನದ ಸಣ್ಣ ಸಂಗತಿಗಳನ್ನಷ್ಟೇ ನಾನು ವಿಜ್ಞಾಪಿಸುವೆನು.

ಆ ಊರನ್ನು ಸೇರಿದ್ದು ಶನಿವಾರ ರಾತ್ರಿ. ಮರುದಿನ ಹಸಿದು ಪೇಟೆಗೆ ಹೋದರೆ ಅಂಗಡಿಗಳೆಲ್ಲ ಮುಚ್ಚಿದ್ದವು. ಯಾರಾದರೂ ದೊಡ್ಡವರು ತೀರಿಕೊಂಡರೋ ಎಂದುಕೊಂಡೆನು. ಕೆಲವು ಅಂಗಡಿಗಳ ವಿನಾ ಉಳಿದವು ಭಾನುವಾರ ಬಾಗಿಲು ತೆರೆಯಬಾರದೆಂಬುದು ಅಲ್ಲಿಯ ಕಾನೂನೆಂದು ಆಮೇಲೆ ತಿಳಿಯಿತು. ತಾಯಿಯವರು ಕಟ್ಟಿಕೊಟ್ಟಿದ್ದ ಹುರಿಹಿಟ್ಟೇ ಅಂದು ಗತಿಯಾಯಿತು. ಅದನ್ನು ಕಲಸಲು ಕುಡಿಯುವ ನೀರೆಲ್ಲಿ ಎಂದು ಮನೆಯೊಡತಿಯನ್ನು ಕೇಳಿದೆನು. ಆ ವೃದ್ಧೆಯು ಅಡಿಗೆಮನೆಯ ನಲ್ಲಿಯಿಂದ ಒಂದು ಲೋಟ ಹಿಡಿದು ತಾವೇ ಮೊದಲು ಕುಡಿದು, ಇನ್ನೊಂದನ್ನು ನನಗೆ ಕೊಟ್ಟರು.

ಇದರಲ್ಲಿ ಏನು ವಿಶೇಷವೆಂದು ಕೆಲವರಿಗೆ ತೋರಬಹುದು; ಪಾವಗಡದವರಿಗೆ ತೋರದು. ನಮ್ಮ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಅದರ ಕಂದುಗಲೆ ನನ್ನ ಹಲ್ಲುಗಳ ಮೇಲಿದೆ. ಆದಕಾರಣ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ನನಗೆ ಚಿಕ್ಕಂದಿನ ಅಭ್ಯಾಸ. ಆ ವೃದ್ಧೆಯು ಇದು ನಮ್ಮ ದೇಶದ ಮರ್ಯಾದೆಯಿರಬೇಕೆಂದು ತಿಳಿದು, ನನ್ನೊಡನೆ ನಗುವಾಗಲೆಲ್ಲ ತಾವೂ ಬಾಯಿಗೆ ಕೈ ಹಿಡಿಯತೊಡಗಿದರು. ನಿಜವನ್ನು ಹೇಳಲು ನನಗೆ ಎರಡು ತಿಂಗಳು ಬೇಕಾಯಿತು.

ಆ ಊರಿನ ಹಳೆಯ ಪೇಟೆಯ ಬೀದಿಗಳಲ್ಲಿ ಕಲ್ಲಿನ ಸಣ್ಣ ಕಾಲುವೆಗಳಿವೆ. ಡ್ರೈಸಾಮ್ ಎಂಬ ಹೊಳೆಯ ನೀರು ಮಧ್ಯಯುಗದಿಂದಲೂ ಅವುಗಳಲ್ಲಿ ಹರಿಯುತ್ತಿದೆ. ಮಕ್ಕಳು ಮರದ ದೋಣಿಗಳಿಗೆ ದಾರ ಕಟ್ಟಿ ತೇಲಿಸುತ್ತಾರೆ. ತಿಳಿಯದೆ ಅದರಲ್ಲಿ ಕಾಲಿಟ್ಟವರು ಆ ಊರಿನವರನ್ನೇ ಮದುವೆಯಾಗುವರೆಂಬ ಪ್ರತೀತಿಯುಂಟು. ಇದನ್ನು ಫೋನಿನಲ್ಲಿ ಕೇಳಿದ ನಮ್ಮ ತಾಯಿಯವರು, ನೆಲ ನೋಡಿಕೊಂಡು ನಡೆಯೆಂದು ಕಟ್ಟಪ್ಪಣೆ ಮಾಡಿದರು.

ಭೋಜನಶಾಲೆಯಲ್ಲಿ ಗೆಳೆಯರು ಕೂಡಿ ಉಂಡರೂ ಹಣವನ್ನು ಬೇರೆ ಬೇರೆಯಾಗಿ ತೆರುತ್ತಾರೆ. ಪಂಕ್ತಿಯಲ್ಲಿ ಉಂಡು ಬೆಳೆದವನಿಗೆ ಇದು ಜಿಪುಣತನವಾಗಿ ಕಂಡಿತು. ಒಬ್ಬರ ಹಂಗು ಇನ್ನೊಬ್ಬರಿಗೆ ಬೇಡವೆಂಬ ಭಾವವೆಂದು ಕ್ರಮೇಣ ಅರಿತೆನು. ಆದಾಗ್ಯೂ ಅದು ನನಗೆ ಇಂದಿಗೂ ಒಗ್ಗಿಲ್ಲ.

ನವೆಂಬರಿನಲ್ಲಿ ಐದು ಗಂಟೆಗೆಲ್ಲ ಕತ್ತಲಾಗುತ್ತದೆ. ಹಗಲು ಒಂದು ಗಳಿಗೆ ಮೋಡ ಸರಿದರೆ ಸಾಕು, ಮುದುಕರೂ ಮಕ್ಕಳೂ ಹೊರಗೆ ಬಂದು ಕಣ್ಣು ಮುಚ್ಚಿ ಸೂರ್ಯನಿಗೆ ಮುಖವೊಡ್ಡಿ ಕುಳಿತುಕೊಳ್ಳುತ್ತಾರೆ. ಬಿಸಿಲಿಗೆ ತಲೆ ಮರೆಸಿಕೊಂಡು ಬೆಳೆದ ನಾನು ಬೆರಗಾದೆನು. ಆ ಅಲ್ಪ ಬಿಸಿಲನ್ನೇ ನಂಬಿ 1981ರಲ್ಲಿ ಅಲ್ಲೊಂದು ಸೌರಶಕ್ತಿ ಸಂಶೋಧನಾಲಯವನ್ನು ಸ್ಥಾಪಿಸಿದರು. ಮನೆಗಳ ಮಾಡುಗಳ ಮೇಲೆ, ರೈಲು ನಿಲ್ದಾಣದ ಬಳಿಯ ಎತ್ತರದ ಕಟ್ಟಡದ ಮೈಮೇಲೆ ಸಹ ಸೌರಫಲಕಗಳನ್ನು ಕಂಡೆನು.

ಒಂದು ದಿನ ಸಹಪಾಠಿಯೊಬ್ಬನು ನನ್ನ ಊರನ್ನು ವಿಚಾರಿಸಿದನು. ತಿರುಮಣಿಯ ಸುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಶಕ್ತಿಯ ಸ್ಥಾವರವಿದೆಯೆಂದು ಹೆಮ್ಮೆಯಿಂದ ಹೇಳಿದೆನು. ನಮ್ಮ ತಂದೆಯವರ ನಾಲ್ಕು ಎಕರೆಯೂ ಅದರಲ್ಲಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಮೊದಲುಗೊಂಡ ಆ ಗುತ್ತಿಗೆಯ ಹಣದಿಂದಲೇ ನನ್ನ ವಿದ್ಯೆಯ ಸಾಲದ ಕಂತು ಸಲ್ಲುತ್ತಿದೆ. ಅವನು ಎಲ್ಲವನ್ನೂ ಕೇಳಿ, "ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು ಈಗೇನು ಮಾಡುತ್ತಾರೆ?" ಎಂದನು.

ನಮ್ಮ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ತಾಯಿಯೊಬ್ಬರ ಮಗನು ನನ್ನೊಡನೆ ಇದೇ ಮಠದ ಪಂಕ್ತಿಯಲ್ಲಿ ಉಂಡವನು; ಲೆಕ್ಕದಲ್ಲಿ ನನಗಿಂತ ಚುರುಕು. ಹೊಲವಿದ್ದವರಿಗೆ ಗುತ್ತಿಗೆ ಬಂದಿತು, ಅವರಿಗೆ ಕೂಲಿ ತಪ್ಪಿತು. ಅವನು ಓದು ಬಿಟ್ಟು ಬೆಂಗಳೂರಿನಲ್ಲಿ ಕಾವಲುಗಾರನಾದನೆಂದು ಕೇಳಿದ್ದೆನು, ಕೇಳಿ ಸುಮ್ಮನಿದ್ದೆನು. ಸಹಪಾಠಿಗೆ ಉತ್ತರ ಹೇಳಲಾಗದೆ ಎದ್ದು ಬಂದೆನು.

ಈ ಸಲ ಊರಿಗೆ ಬಂದ ಮಾರನೆಯ ದಿನವೇ ಆ ತಾಯಿಯ ಮನೆಗೆ ಹೋದೆನು. ಬಾಗಿಲಿಗೆ ಬೀಗವಿತ್ತು, ಮಗನ ಬಳಿಗೆ ಹೋದರೆಂದು ನೆರೆಯವರು ತಿಳಿಸಿದರು. ಅವರ ವಿಳಾಸವನ್ನು ಬಲ್ಲವರು ಈ ಸಭೆಯಲ್ಲಿದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ನನಗೆ ತಿಳಿಸಬೇಕೆಂದು ಬೇಡಿ ಕುಳಿತುಕೊಳ್ಳುತ್ತೇನೆ.